ಬಿಸಿಲಿಗೆ ಹರವಿದ ತೊಗರಿ

"ನೋಡ್ರೀ ಸಾಹೇಬ್ರೇ, ನಿಮ್ಮ ಪ್ರಯೋಗದ ಫಲ!"

ವಕ್ಕಲೇರಿಯ ಬಸ್ ನಿಲ್ದಾಣದಲ್ಲಿ, ಹತ್ತು ಜನರ ಎದುರಿಗೇ, ಶಾಮಲ ಸೊರಗಿದ ತೊಗರಿ ಗಿಡಗಳನ್ನು ಕೋದಂಡರಾಮನ ಕಾಲ ಬಳಿ ಎಸೆದಳು.

ಮುಳಬಾಗಿಲಿನ ಆ ಕೃಷಿ ಸಂಶೋಧಕ ಬಗ್ಗಿ ಗಿಡವೊಂದನ್ನು ಎತ್ತಿ ಬೇರು ನೋಡಿದ. ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕಪ್ಪು ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿದರೆ, ಬೇರಿಗೆ ಸೊರಗು ರೋಗದ ಶಿಲೀಂಧ್ರ ತಗಲದು ಎಂದು ೧೯೮೬ರ ಆ ಮುಂಗಾರಿನಲ್ಲಿ ಮನೆಮನೆಗೂ ಹೇಳಿದವನು ಅವನೇ.

"ಹೀಗಾಗಬಾರದಿತ್ತು..."

"ಆಗಿದೆಯಲ್ಲ! ನಮ್ಮಪ್ಪ ಬೇಡ ಅಂದ್ರೂ ನಾನೇ ಹಟ ಮಾಡಿ ಹೊಲ ಕೊಡಿಸ್ದೆ. ಮೋಸಗಾರ ನೀವು. ಥೂ!"

ಹಟ ಮಾಡಿದ್ದು ಬೆಳೆಗೋ, ಬೆಳೆ ನೋಡಲು ವಾರಕ್ಕೊಮ್ಮೆ ಬರುವ ಈ ಮನುಷ್ಯನಿಗೋ? ಅದನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳಲಿಲ್ಲ. ಇಷ್ಟಪಟ್ಟವನೇ ಕೈಕೊಟ್ಟನೆಂಬ ಉರಿಯಲ್ಲಿ, ತಂದೆ ಚನ್ನರಾಯಪ್ಪನ ಹೆಸರಿನಲ್ಲಿ ಮೇಲಧಿಕಾರಿಗೆ ದೂರು ಬರೆದಳು. ವಾರದೊಳಗೆ ಪ್ರಯೋಗ ನಿಂತಿತು. ಕೋದಂಡರಾಮನಿಗೆ ದೂರದ ರಾಯಚೂರಿಗೆ ವರ್ಗವಾಯಿತು.

'ಶನಿ ತೊಲಗಿತು' ಎಂದುಕೊಂಡಳು. ಆದರೂ ಅವನು ಬರುತ್ತಿದ್ದ ದಾರಿಯತ್ತಲೇ ಕಣ್ಣು ಹೋಗುತ್ತಿತ್ತು.

ಅವನು ಹೊರಡುವ ದಿನ ಬೆಳಿಗ್ಗೆ ಬದುವಿನಾಚೆ ಅಂಜಮ್ಮನ ಹೊಲ ಕಣ್ಣಿಗೆ ಬಿತ್ತು. ಹೋದ ವರ್ಷ ಪೂರ್ತಿ ಸೊರಗಿದ್ದ ಹೊಲ. ಈಗ ಅದೇ ಪುಡಿ ಸವರಿದ ಬೀಜ... ಗಿಡದ ತುಂಬ ಹೂವು!

"ಅಂಜಕ್ಕಾ, ನಿಮ್ದು ಯಾಕೆ ಸೊರಗ್ಲಿಲ್ಲ?"

"ಏನ್ ಗೊತ್ತಮ್ಮಾ... ಆ ಸಾರ್ ಹೇಳ್ದಂಗೆ ನೆರಳಲ್ಲಿ ಆರಾಕಿ ಬಿತ್ತಿದ್ವಿ. ನೀನು?"

ಬಿತ್ತನೆ ಬೀಜ ಬಿಸಿಲು ಕಾಣಲೇಬೇಕು ಎನ್ನುವುದು ಶಾಮಲಳ ಮನೆಯ ಹಳೆಯ ಪದ್ಧತಿ. ಪುಡಿ ಸವರಿದ ಒದ್ದೆ ಬೀಜವನ್ನು ದಿನವಿಡೀ ಮಾಳಿಗೆಯ ಮೇಲೆ ಹರವಿದವಳು ಅವಳೇ. ಬ್ಯಾಕ್ಟೀರಿಯಾ ಅಲ್ಲೇ ಸತ್ತುಹೋಗಿತ್ತು! ಸಿಟ್ಟಿನಲ್ಲಿ ಕುಯ್ದ ಮೂಗು ಮತ್ತೆ ಬಂದೀತೇ?

ಓಡಿದಳು. ಊರಿನ ಕೃಷಿ ಕಚೇರಿಯ ಮುಂದೆ ಕೋದಂಡರಾಮ ಪೆಟ್ಟಿಗೆ ಹಿಡಿದು ನಿಂತಿದ್ದ.

"ಬೀಜ ಬಿಸಿಲಿಗೆ ಹಾಕ್ಬಿಟ್ಟೆ... ತಪ್ಪು ನಂದು. ದೂರು ಬರೆದೋಳೂ ನಾನೇ."

"ನೆರಳಲ್ಲಿ ಅಂತ ಮೂರು ಸಲ ಹೇಳಿದ್ದೆ ಕಣ್ರೀ!" ಮೊದಲ ಬಾರಿ ಅವನ ದನಿ ಏರಿತು. "ನಾಲ್ಕು ವರ್ಷದ ಕೆಲಸ ಮಣ್ಣುಪಾಲಾಯ್ತು. ಈಗ ಯಾಕೆ ಬಂದ್ರಿ, ಅಯ್ಯೋ ಪಾಪ ಅನ್ನೋಕಾ?"

"ಬೈರಿ. ಆದ್ರೆ ಹೋಗ್ಬೇಡಿ."

ಉತ್ತರಕ್ಕೂ ಕಾಯದೆ ಒಳಗೆ ನುಗ್ಗಿದಳು. ದೂರು ತಲುಪಿದ್ದ ಮೇಲಧಿಕಾರಿಯ ಎದುರು, ಕೆಲಸಕ್ಕೆ ಬಂದಿದ್ದ ಊರವರ ಎದುರು ಎಲ್ಲವನ್ನೂ ಹೇಳಿ, ತಪ್ಪೊಪ್ಪಿಗೆ ಬರೆದು ಸಹಿ ಹಾಕಿದಳು. ಅಂಜಮ್ಮನ ಹೊಲ ನೋಡುವವರೆಗೆ ವರ್ಗಾವಣೆ ತಡೆಯುತ್ತೇನೆಂದರು ಅಧಿಕಾರಿ.

ಹೊರಗೆ ಬಂದಾಗಲೂ ಅವನ ಹುಬ್ಬು ಗಂಟಿಕ್ಕಿಕೊಂಡೇ ಇತ್ತು.

"ಅಷ್ಟು ಜನರ ಮುಂದೆ ಯಾಕೆ ಒಪ್ಕೊಂಡ್ರಿ?"

"ನೀವು ಇಲ್ಲೇ ಇರ್ಬೇಕು ಅಂತ. ನೀವಂದ್ರೆ ನಂಗಿಷ್ಟ... ಸಾಕಾ?"

ಅವನು ಪೆಟ್ಟಿಗೆ ಕೆಳಗಿಟ್ಟ.

"ಕೋಪ ಇನ್ನೂ ಇದೆ, ಶಾಮಲ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ... ಜೊತೆಗೇ ಇದ್ದು ನೋಡ್ಬೇಕು."