ಗಾಜಿಗೆ ಬಂದ ಪೊರೆ

"ಪೊರೆ ಬಂದ್ಬಿಟ್ಟಿದೆ!"

ಅಂಗಡಿಯ ಬಾಗಿಲು ತಳ್ಳುವಾಗಲೇ ಅವಳ ಬಾಯಿಂದ ಮಾತು ಬಿದ್ದಿತ್ತು. ಎದೆಗೆ ಒಂದು ರಟ್ಟಿನ ಡಬ್ಬಿ ಅವಚಿಕೊಂಡಿದ್ದಳು.

ಕೌಂಟರಿನ ಹಿಂದೆ ಕೂತು, ಅಂಗಿಯ ಗುಂಡಿಯಷ್ಟು ಚಿಕ್ಕ ಚಕ್ರಕ್ಕೆ ಬೆಳ್ಳಿ ಬಣ್ಣ ಹಚ್ಚುತ್ತಿದ್ದವನು ಕುಂಚ ಹಿಡಿದೇ ಎದ್ದ. "ಅಯ್ಯೋ, ನಿಮ್ಮ ತಂದೆಗೆ ನಿನ್ನೆ ತಾನೇ ಆಪರೇಷನ್ ಆಯ್ತಲ್ಲ? ಮತ್ತೆ ಪೊರೆನಾ?"

"ಅಪ್ಪನಿಗಲ್ಲ ರೀ, ಕಾರಿಗೆ!"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರೋ ಏನೋ. ಬೇರೆ ದಿನ ಅವಳು ಇಲ್ಲಿಗೆ ಬರುತ್ತಿದ್ದುದು ಜಗಳಕ್ಕೆ. ಪುಟಾಣಿ ಕಾರು ಕಟ್ಟುವವರಿಗೆ ಬೇಕಾದ ಎಲ್ಲವೂ ಈ ಅಂಗಡಿಯಲ್ಲಿ ಸಿಗುತ್ತದೆ, ಅವಳ ಅಪ್ಪನಿಗೆ ಬೇಕಾದ ಬಣ್ಣ ಮಾತ್ರ ಒಂದೇ ಸಲಕ್ಕೆ ಸಿಕ್ಕಿದ್ದಿಲ್ಲ. "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂದು ನೆಲ ನೋಡಿಕೊಂಡು ಹೇಳುತ್ತಿದ್ದ. ಹೇಳಿದ ಮೇಲೆ ಒಮ್ಮೆ ಕಣ್ಣೆತ್ತುತ್ತಿದ್ದ, ಅವಳು ನೋಡಿದರೆ ಮತ್ತೆ ನೆಲ. ಮನೆಯಲ್ಲಿ ಅಪ್ಪ ಅವನಿಗಿಟ್ಟ ಹೆಸರೇ 'ಮುಂದಿನವಾರ'.

ಅವಳು ಡಬ್ಬಿ ತೆರೆದಳು. ಒಳಗೆ ಅಪ್ಪನ ಹಾಟ್ ರಾಡ್. ಹಳೇ ಕಾಲದ ಕಾರಿನ ಚಾವಣಿ ಕತ್ತರಿಸಿ ತಗ್ಗಿಸಿ, ಎಂಜಿನ್ನನ್ನು ಹೊರಗೆ ತೋರಿಸಿ, ಹಿಂದಿನ ಚಕ್ರಗಳನ್ನು ದಪ್ಪ ಮಾಡಿದ ತುಂಟ ಕಾರು, ಅಂಗೈ ಉದ್ದದ್ದು. ದಾಳಿಂಬೆ ಕೆಂಪು ಫಳಫಳ ಹೊಳೆಯುತ್ತಿತ್ತು. ಮುಂದಿನ ಗಾಜು ಮಾತ್ರ ಬೆಳ್ಳಗೆ ಮಬ್ಬಾಗಿತ್ತು.

"ಸೂಪರ್ ಗ್ಲೂ ಹಾಕಿದ್ರಾ?"

"ಒಂದೇ ಒಂದು ಹನಿ."

"ಹಾಕಿ, ಡಬ್ಬಿ ಮುಚ್ಚಿಟ್ರಾ?"

"ಧೂಳು ಕೂರಬಾರದು ಅಂತ..."

"ಅದರ ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಗಾಜಿಗೇ ಹಿಡಿದಿದೆ." ಅವನು ತಲೆ ಕೆರೆದುಕೊಂಡ. "ಹೋಗ್ಲಿ ಬಿಡಿ, ಮುಂದಿನ ವಾರ..."

"ಮುಂದಿನ ವಾರ ಅಂದ್ರೆ ಇಲ್ಲೇ ಅತ್ತುಬಿಡ್ತೀನಿ!"

ನಿಜಕ್ಕೂ ಅಳು ಬಂದೇಬಿಟ್ಟಿತು. ಅಪ್ಪ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಉಕ್ಕಿನ ಚೂರೊಂದು ಸಿಡಿದು ಎಡಗಣ್ಣು ಎಂದೋ ಹೋಗಿತ್ತು. ಆಗ ಮನೆಯವರೆಲ್ಲ "ಸರಿಹೋಗುತ್ತೆ" ಎಂದು ಸುಳ್ಳು ಹೇಳಿ ಸಮಾಧಾನ ಮಾಡಿದ್ದರು. ಅಂದಿನಿಂದ ಅಪ್ಪ ಸಮಾಧಾನದ ಮಾತು ನಂಬುವುದಿಲ್ಲ. ಉಳಿದ ಬಲಗಣ್ಣಿಗೂ ಪೊರೆ ಬಂದು, ಈ ಕಾರನ್ನು ಕೊನೆಕೊನೆಗೆ ಕೈಯಿಂದ ತಡವಿ ತಡವಿ ಕಟ್ಟಿದರು. ಗಾಜು ಕೂರಿಸುವುದೊಂದು ಉಳಿದಿತ್ತು. ಇಂದು ಮಧ್ಯಾಹ್ನ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. "ಬಿಚ್ಚಿದ ತಕ್ಷಣ ಕಾರು ಕೈಗೆ ಕೊಡು ಪುಟ್ಟಿ. ಡಾಕ್ಟರ್ ಮುಖ ಆಮೇಲೆ ನೋಡಿದ್ರಾಯ್ತು" ಎಂದಿದ್ದರು.

"ಗಾಜು ನೋಡ್ತಾರೆ, ಮಂಜು ಮಂಜಾಗಿ ಕಾಣುತ್ತೆ," ಎಂದಳು. "ಕಣ್ಣು ಹೋಯ್ತು ಅಂದ್ಕೊಳ್ತಾರೆ. ಗಾಜಿಗೇ ಹಿಡಿದಿದ್ದು ಅಪ್ಪ ಅಂದ್ರೆ ನಂಬಲ್ಲ. ಕಾರು ಒಯ್ಯದೇ ಹೋದ್ರೂ ಅನುಮಾನ. ಖುಷಿಪಡಿಸೋಣ ಅಂತ ನಾನೇ ಗಾಜು ಕೂರಿಸಿದೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆ."

ಅವನು ಬಾಗಿಲಿನ ಬೋರ್ಡು ತಿರುಗಿಸಿ 'ಮುಚ್ಚಿದೆ' ಮಾಡಿದ.

ಬೇರೆ ಗಾಜು ಹಾಕುವಂತಿರಲಿಲ್ಲ. ತಗ್ಗಿಸಿದ ಚಾವಣಿಗೆ ತಕ್ಕಂತೆ ಅಪ್ಪನೇ ಉಜ್ಜಿ ಅಳತೆಗೆ ತಂದ ತೆಳು ಪ್ಲಾಸ್ಟಿಕ್ ಅದು. ಬಿಡಿಸದೆ ಒಳಗಿನ ಮಬ್ಬು ಉಜ್ಜಲಾಗದು, ಬಿಡಿಸಲು ಹೋದರೆ ಸೀಳಬಹುದು. ಅವನು ಬ್ಲೇಡಿನ ತುದಿಯನ್ನು ಅಂಚಿಗೆ ತೂರಿಸಿದ.

"ಕೈ ಯಾಕೆ ನಡುಗ್ತಿದೆ? ದಿನಾ ಮಾಡೋ ಕೆಲಸ ತಾನೇ?"

"ದಿನಾ ನೀವು ಇಷ್ಟು ಹತ್ರ ನಿಂತಿರಲ್ಲ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೆನ್ನೆ ಬಿಸಿಯಾಯಿತು. ಇಂಥ ಹೊತ್ತಿನಲ್ಲಿ ಇದೂ ಒಂದು ಬೇಕಿತ್ತೇ ಎಂದು ತನ್ನನ್ನೇ ಬೈದುಕೊಂಡಳು.

'ಟಿಕ್' ಎಂದಿತು.

ಇಬ್ಬರೂ ಕಣ್ಣು ಮುಚ್ಚಿದರು. "ನೋಡಿ," ಎಂದಳು. "ನೀವೇ ನೋಡಿ," ಎಂದ. ಕೊನೆಗೆ ಇಬ್ಬರೂ ಒಟ್ಟಿಗೇ ನೋಡಿದರು. ಒಡೆದದ್ದು ಒಣಗಿದ ಅಂಟು. ಗಾಜು ಇಡಿಯಾಗಿ ಅವನ ಅಂಗೈಯಲ್ಲಿತ್ತು.

ಮುಂದಿನದು ಅವಳ ಕೆಲಸ. ಅವಳು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು, ಹೊಳಪಿನ ಪೇಸ್ಟು ಚೀಲದಲ್ಲೇ ಇತ್ತು. ಹತ್ತಿಗೆ ಸವರಿಕೊಂಡು ಕೈಯಿಂದಲೇ ಸುತ್ತ ಸುತ್ತ ಉಜ್ಜತೊಡಗಿದಳು.

"ಮೆಲ್ಲಗೆ," ಎಂದ.

"ಹಲ್ಲಿಗೆ ಹೊಳಪು ಕೊಡೋಕೆ ನನಗೆ ಹೇಳ್ಕೊಡ್ತೀರಾ? ನೀವು ಒಂದು ದಿನವಾದ್ರೂ ಹಲ್ಲು ಬಿಟ್ಟು ನಕ್ಕಿದ್ರೆ ತಾನೇ ಗೊತ್ತಾಗೋದು."

ಅವನು ನಕ್ಕ. ಚೆನ್ನಾಗಿ ನಗುತ್ತಾನಲ್ಲ ಎನ್ನಿಸಿತು ಅವಳಿಗೆ. ಇದನ್ನು ಇಷ್ಟು ದಿನ ಯಾವ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದನೋ.

ಮಬ್ಬು ಸ್ವಲ್ಪ ಸ್ವಲ್ಪವೇ ಹೋಗಿ, ಗಾಜಿನ ಹಿಂದೆ ಅವಳ ಬೆರಳಿನ ಗೆರೆಗಳು ಕಂಡವು. ಅವನು ಈ ಸಲ ಬಿಳಿ ಅಂಟು ಹಚ್ಚಿ ಗಾಜು ಕೂರಿಸಿದ. "ಇದು ಹೊಗೆ ಬಿಡಲ್ಲ. ಆದ್ರೆ ಬೇಗ ಒಣಗೋದೂ ಇಲ್ಲ. ಅಲ್ಲೀವರೆಗೆ ಹಿಡ್ಕೊಂಡೇ ಇರ್ಬೇಕು, ಬಿಟ್ರೆ ಜಾರುತ್ತೆ."

"ನಾನು ಈಗಲೇ ಹೊರಡ್ಬೇಕು."

"ಅದಕ್ಕೇ ನಾನೂ ಬರ್ತಿದೀನಿ."

ಟ್ಯಾಕ್ಸಿಯಲ್ಲಿ ಅವನು ಕಾರು ಹಿಡಿದ, ಅವಳು ಗಾಜು ಒತ್ತಿ ಹಿಡಿದಳು. ಪ್ರತಿ ಉಬ್ಬಿಗೂ ಅವಳ ಜೀವ ಬಾಯಿಗೆ ಬರುತ್ತಿತ್ತು, ಪ್ರತಿ ತಿರುವಿನಲ್ಲೂ ಅವನ ಬೆರಳು ಅವಳ ಬೆರಳಿಗೆ ತಗಲುತ್ತಿತ್ತು. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಒಂದು ಮಾತು ಹೇಳ್ಲಾ? ಬೈಬಾರ್ದು," ಎಂದ ಅವನು, ಕಿಟಕಿಯ ಕಡೆ ನೋಡುತ್ತ. "ಆ ಬಣ್ಣಗಳೆಲ್ಲ ಸ್ಟಾಕ್ ಇದ್ವು."

"ಏನಂದ್ರಿ?"

"ಮೊದಲ ದಿನದಿಂದ್ಲೂ. ಕೊಟ್ಟುಬಿಟ್ರೆ ನೀವು ಮತ್ತೆ ಬರಲ್ವಲ್ಲ ಅಂತ ಭಯ. ನಿಮ್ಮ ತಂದೆಗೆ ಕಣ್ಣು ಮಂಜಾಗ್ತಿದೆ ಅಂತ ಗೊತ್ತಾದ ದಿನ ಉಳಿದದ್ದೆಲ್ಲ ಒಟ್ಟಿಗೇ ಕೊಟ್ಟೆ. ಅವತ್ತಿಂದ ಇನ್ನೂ ಭಯ. ನನ್ನಿಂದ ತಡವಾಗಿ, ಅವರು ಕಾರನ್ನ ನೋಡೋಕೇ ಆಗದೇ ಹೋದ್ರೆ..."

ಅವಳಿಗೆ ಸಿಟ್ಟು ನೆತ್ತಿಗೇರಿತು. ಕೈ ಎಳೆದುಕೊಳ್ಳಬೇಕೆನಿಸಿತು. ಎಳೆದುಕೊಂಡರೆ ಗಾಜು ಬೀಳುತ್ತದೆ. ಹಿಡಿದೇ ಕೂತಳು. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೇಲೆ ಬಾಗಿಲಲ್ಲೇ ನಿಂತುಬಿಟ್ಟಳು. "ಒಳಗೆ ಬನ್ನಿ," ಎಂದಳು ಮೆಲ್ಲಗೆ. "ನನಗೊಬ್ಬಳಿಗೇ ಧೈರ್ಯ ಇಲ್ಲ."

ಡಾಕ್ಟರು ಪಟ್ಟಿ ಬಿಚ್ಚಿದರು. ಅಪ್ಪ ರೆಪ್ಪೆ ಬಡಿದು, ಕೈ ಚಾಚಿದರು. ಅಷ್ಟರಲ್ಲಿ ಗಾಜು ಜಾರದಷ್ಟು ಅಂಟು ಹಿಡಿದಿತ್ತು, ಅವಳು ಕಾರನ್ನು ಅವರ ಅಂಗೈಮೇಲಿಟ್ಟಳು. ಅಪ್ಪ ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಮುಖ ಕಪ್ಪಿಟ್ಟಿತು.

"ಕಾಣಿಸ್ತಿಲ್ಲ ಪುಟ್ಟಿ."

ಅವಳು ಪಕ್ಕದಲ್ಲಿದ್ದ ಕೈಯನ್ನು ಯಾರದೆಂದು ನೋಡದೆ ಗಟ್ಟಿಯಾಗಿ ಹಿಡಿದುಕೊಂಡಳು.

"ಏನು ಕಾಣಿಸ್ತಿಲ್ಲ?" ಡಾಕ್ಟರು ಬಾಗಿದರು.

"ಬಣ್ಣ ಕಾಣುತ್ತೆ, ಎಂಜಿನ್ ಕಾಣುತ್ತೆ. ಮುಂದಿನ ಗಾಜು ಕಾಣಿಸ್ತಿಲ್ಲ. ಹಾಕೇ ಇಲ್ವಾ?" ಎನ್ನುತ್ತ ಬೆರಳು ತೂರಿಸಲು ಹೋದರು. ಉಗುರು 'ಟಕ್' ಎಂದು ತಾಗಿತು.

ಅಪ್ಪ ಇನ್ನೊಮ್ಮೆ ತಟ್ಟಿ ನೋಡಿದರು. "ಇದೆಯಲ್ಲೇ! ಇಷ್ಟು ಸ್ವಚ್ಛವಾದ ಗಾಜನ್ನ ನಾನು ಜನ್ಮದಲ್ಲೇ ನೋಡಿಲ್ಲ." ಅವಳು ಅಳುತ್ತ ನಗುತ್ತ ನಿಂತಳು.

ಅಪ್ಪ ಕಾರನ್ನು ತಿರುಗಿಸಿ, ಹಿಂದಿನ ಕಿಟಕಿಯಿಂದ ಮುಂದಿನ ಗಾಜಿನಾಚೆಗೆ ಇಣುಕಿದರು.

"ಇಲ್ಲಿಂದ ಎರಡು ಕೈ ಕಾಣ್ತಿದೆ. ಒಂದು ನಿಂದು. ಇನ್ನೊಂದು?"

"ಅಂಗಡಿಯವ್ರು, ಅಪ್ಪ."

"ಓಹೋ. ಮುಂದಿನವಾರ ಇವತ್ತೇ ಬಂದ್ಬಿಡ್ತಾ?"

ಅವಳು ಗಾಬರಿಯಿಂದ ಕೈ ಬಿಡಿಸಿಕೊಳ್ಳಲು ಹೋದಳು.

"ಬಿಡಬೇಡಿ," ಎಂದ ಅವನು, ಈ ಸಲ ನೆಲ ನೋಡದೆ. "ಇನ್ನೂ ಒಣಗಿಲ್ಲ."

ಅವಳು ಬಿಡಲಿಲ್ಲ.