ಬೆವರಿಗೆ ಬಣ್ಣವಿರಲಿಲ್ಲ

"ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ತಲೆ ಒಡೀತೀನಿ ಅಕ್ಕಾ!"

ಅವನ ಕೈಯಲ್ಲಿ ವೀಲ್ ಸ್ಪ್ಯಾನರ್. ನನ್ನ ಕೈಯಲ್ಲಿ ಒಂದು ಮಾಸ್ಕ್.

"ಒಡಿಯಪ್ಪ, ಬೇಡ ಅನ್ನಲ್ಲ. ಮೊದ್ಲು ಇದನ್ನ ಹಾಕ್ಕೋ."

ಅವನು ಕೆಮ್ಮಿದ. ಟೈರ್ ಅಂಗಡಿಯ ತಗಡಿನ ಛಾವಣಿಯೇ ಅದುರಿತು. ನಾನು ಸರಕ್ಕನೆ ಪಕ್ಕಕ್ಕೆ ಸರಿದು, ಗಾಳಿ ನನ್ನ ಬೆನ್ನಿಗೆ ಬರುವಂತೆ ನಿಂತೆ.

ಸ್ಪ್ಯಾನರ್‌ಗೆ ನಾನು ಹೆದರುವುದಿಲ್ಲ. ಕೆಮ್ಮಿಗೆ ಹೆದರುತ್ತೇನೆ!

ನನ್ನ ಕೆಲಸ ಏನು ಅಂತ ಕೇಳ್ತೀರಾ? ಓಡಿಹೋದವರನ್ನು ಹಿಡಿಯುವುದು. ಕಳ್ಳರನ್ನಲ್ಲ, ಕೊಲೆಗಾರರನ್ನಲ್ಲ... ಕ್ಷಯಕ್ಕೆ ಮಾತ್ರೆ ಶುರು ಮಾಡಿ ಅರ್ಧಕ್ಕೆ ಕೈ ಕೊಟ್ಟವರನ್ನು. ಅರ್ಧಕ್ಕೆ ಬಿಟ್ಟರೆ ಒಳಗಿರುವ ರೋಗಾಣು ಸಾಯುವುದಿಲ್ಲ. ಗರಡಿ ಮನೆಗೆ ಹೋಗಿಬಂದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಅದೇ ಮಾತ್ರೆ ಕೊಟ್ಟರೆ ತಿಂದು ತೇಗುತ್ತದೆ.

ಇವನ ಅಡ್ಡಹೆಸರು ಜಾಕ್. ಒಂದು ಕಾಲದಲ್ಲಿ ಜಾಕ್ ಇಲ್ಲದೆ ಕಾರು ಎತ್ತುತ್ತಿದ್ದ. ಈಗ ಸ್ಪ್ಯಾನರ್ ಎತ್ತಲೂ ಎರಡು ಕೈ ಬೇಕಿತ್ತು. ಪ್ರತಿ ವಾರ ತಪ್ಪದೆ ಬಂದು ಮಾತ್ರೆ ಒಯ್ದಿದ್ದ. "ನುಂಗ್ತಿದೀಯೇನೋ?" ಎಂದರೆ, "ದೇವ್ರಾಣೆ ಅಕ್ಕ" ಎನ್ನುತ್ತಿದ್ದ. ಕಫ ಪರೀಕ್ಷೆಗೆ ಬಾ ಎಂದೆ ನೋಡಿ... ಆಸಾಮಿ ನಾಪತ್ತೆ!

"ಪರೀಕ್ಷೆಗೆ ಯಾಕೋ ಬರ್ಲಿಲ್ಲ?"

"ಕೆಲ್ಸ ಇತ್ತು."

"ಈಗ ಬಾ."

"ಈಗ್ಲೂ ಇದೆ!"

ಸ್ಪ್ಯಾನರ್ ಎಸೆದು ಹಿಂಬಾಗಿಲಿನಿಂದ ಓಟ ಕಿತ್ತ.

ನಾನು ಸ್ಕೂಟರ್ ಹತ್ತಿದೆ.

ಸಿನಿಮಾದಂಥ ಚೇಸ್ ಎಂದುಕೊಳ್ಳಬೇಡಿ. ನಮ್ಮ ಆಸ್ಪತ್ರೆ ನಡೆಯುವುದು ಸಮುದ್ರದಾಚೆಯ ಒಂದು ಸರ್ಕಾರದ ಹಣದಿಂದ. ಜಗತ್ತಿನ ಅಂಟುರೋಗಗಳನ್ನು ಓಡಿಸಲು ಅವರು ಪ್ರತಿ ವರ್ಷ ಎತ್ತಿಡುವ ಹಣ. ಈ ವರ್ಷ ಕೊಡಬೇಕೇ ಬೇಡವೇ ಎಂದು ಅವರಿಗೆ ಯೋಚನೆ ಹತ್ತಿತು. ಯೋಚನೆ ಮುಗಿಯುವವರೆಗೆ ಹೊಸ ರೋಗಿಗಳಿಗೆ ಬಾಗಿಲು ಬಂದ್. ಹಳಬರಿಗೆ ಮಾತ್ರ ಮಾತ್ರೆ. ನನ್ನ ಸ್ಕೂಟರ್‌ಗೆ ಪೆಟ್ರೋಲೂ ಇಲ್ಲ!

ಬಟ್ಟೆ ಬಜಾರಿನ ತಿರುವಿನಲ್ಲಿ ಗಾಡಿ ಒಮ್ಮೆ ಬಿಕ್ಕಳಿಸಿತು. ನಿಂತಿತು.

ಇಳಿದು ತಳ್ಳತೊಡಗಿದೆ.

ಜಾಕ್‌ಗೂ ಉಸಿರು ಸಾಲಲಿಲ್ಲ. ಒಂದು ಕಂಬ ಹಿಡಿದು ನಿಂತು ಕೆಮ್ಮಿದ. ನಾನೂ ನಿಂತು ಸುಧಾರಿಸಿಕೊಂಡೆ. ಅವನು ನಡೆದ. ನಾನು ತಳ್ಳಿದೆ. ಆಮೆಯೊಂದು ಅಡ್ಡ ಬಂದಿದ್ದರೆ ಇಬ್ಬರನ್ನೂ ಓವರ್‌ಟೇಕ್ ಮಾಡಿ ಹೋಗುತ್ತಿತ್ತು.

"ಅಕ್ಕಾ, ಬಿಟ್ಬಿಡು ನನ್ನ!" ಮುಂದಿನ ಕಂಬದಿಂದ ಕೂಗಿದ.

"ನೀನು ಮೊದ್ಲು ಕೂತ್ಕೋ. ಬಿದ್ರೆ ಎತ್ತೋಕೆ ನನ್ನ ಹತ್ರ ಜಾಕ್ ಇಲ್ಲ!"

ಬಟ್ಟೆ ಅಂಗಡಿಯವನು ನಕ್ಕೇಬಿಟ್ಟ.

ಕೊನೆಗೆ ಅವನ ಮನೆಯ ಮೆಟ್ಟಿಲ ಮೇಲೆ ಹಿಡಿದೆ. ಹಿಡಿದೆ ಎನ್ನುವುದು ದೊಡ್ಡ ಮಾತು. ಅವನೇ ಕುಸಿದು ಕೂತಿದ್ದ. ಮುಖಕ್ಕೆ ಮಾಸ್ಕ್ ಏರಿಸಿದೆ. ಬಿಳಿ ಬನಿಯನ್ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು.

ಆಗ ನೋಡಿದೆ.

ಬನಿಯನ್ ಬಿಳಿಯಾಗಿಯೇ ಇತ್ತು!

ನಮ್ಮ ಮಾತ್ರೆಗೊಂದು ಚಾಳಿಯಿದೆ. ನುಂಗಿದವರ ಮೂತ್ರ, ಬೆವರು, ಕಣ್ಣೀರು... ಎಲ್ಲದಕ್ಕೂ ಕಿತ್ತಳೆ ಬಣ್ಣ ಹತ್ತಿಸುತ್ತದೆ. ಬಾಯಿ ಸುಳ್ಳು ಹೇಳಬಹುದು. ಬನಿಯನ್ ಹೇಳುವುದಿಲ್ಲ.

"ಲೋ... ಮಾತ್ರೆ ಎಲ್ಲಿ ಹಾಕ್ದೆ?"

ಅವನು ನೆಲ ನೋಡಿದ.

"ಮಾರ್ಕೊಂಡ್ಯಾ?"

"ಥೂ! ಬಿಡ್ತು ಅನ್ನಕ್ಕ!"

ಒಳಗಿನಿಂದ ಅವನ ತಾಯಿ ಬಂದರು. ಕೈಯಲ್ಲಿ ಸೂಜಿದಾರ, ಹೆಗಲ ಮೇಲೆ ಗುಂಡಿ ಹಚ್ಚಬೇಕಾದ ಬಿಳಿ ಅಂಗಿಗಳು. ಮಗನನ್ನು ನೋಡಿದ್ದೇ ಶುರುಮಾಡಿದರು.

"ಏನಾಗಿದೆ ನೋಡು ಇವನ ಗತಿ! ಆನೆ ಹಂಗಿದ್ದ ನನ್ನ ಮಗ, ಒಣಕಡ್ಡಿ ಆಗವ್ನೆ. ಏನು ತಾಯಿ ಕೊಡ್ತೀರಿ ನಿಮ್ಮಾಸ್ಪತ್ರೇಲಿ? ಮಾತ್ರೆನೋ, ಸೀಮೆಸುಣ್ಣನೋ?"

ಹೇಳುತ್ತ ಹೇಳುತ್ತ ಅತ್ತರು. ನಡುವೆ ಎರಡು ಸಲ ಕೆಮ್ಮಿದರು. ಹೆಗಲ ಮೇಲಿನ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡರು.

"ಅಯ್ಯೋ! ಮತ್ತೆ ಕಲೆ! ಗಿರಾಕಿ ಅಂಗಿ ಇದು! ಆ ಮಂಡಿನೋವಿನ ಮಾತ್ರೆ ನುಂಗಿದಾಗಿಂದ ನನ್ನ ಕಣ್ಣೀರೂ ಬಣ್ಣ ಬಣ್ಣ!"

ಬಿಳಿ ತೋಳಿನ ಮೇಲೆ ಕಿತ್ತಳೆ ಕಲೆ.

ನಾನು ಜಾಕ್ ಕಡೆ ತಿರುಗಿದೆ. ಕಾರು ಎತ್ತುತ್ತಿದ್ದ ಆಳು ಗೋಡೆಯ ಬಿರುಕಿನಲ್ಲಿ ತೂರಿಕೊಳ್ಳಲು ಜಾಗ ಹುಡುಕುತ್ತಿದ್ದ.

"ಮಂಡಿನೋವಿನ ಮಾತ್ರೆ?"

"ಏನ್ಮಾಡ್ಲಿ ಅಕ್ಕ?" ಅವನ ದನಿ ಇಳಿಯಿತು. "ಅವ್ವನಿಗೂ ಕೆಮ್ಮು ಹತ್ತಿತು. ನಿಮ್ಮಾಸ್ಪತ್ರೆಗೇ ಕರ್ಕೊಂಡ್ ಬಂದೆ. ಹೊಸಬ್ರನ್ನ ತಗೊಳಲ್ಲ ಅಂತ ಗೇಟಲ್ಲೇ ಕಳಿಸಿದ್ರು. ನಾನು ಹಳಬ. ನಂಗೆ ಸಿಗುತ್ತೆ. ಅದಕ್ಕೇ..."

"ನೀನು?"

"ನಂದು ಗಟ್ಟಿ ಜೀವ ಅಕ್ಕ. ಕಾರು ಎತ್ತಿದ ಮೈ."

ಬೈಯಬೇಕೆಂದು ಬಾಯಿ ತೆರೆದೆ. ಬೈಯುವ ಬದಲು ಲೆಕ್ಕ ಹಾಕಿದೆ. ಒಬ್ಬರ ಮಾತ್ರೆಯಲ್ಲಿ ಇಬ್ಬರು ಬದುಕುವುದಿಲ್ಲ. ತಾಯಿಗೆ ಕೊಟ್ಟರೆ ಮಗ ಹೋಗುತ್ತಾನೆ. ಮಗನಿಗೆ ಕೊಟ್ಟರೆ ತಾಯಿ. ಈ ಲೆಕ್ಕಕ್ಕೆ ಉತ್ತರ ಒಂದೇ... ಗೇಟು ತೆರೆಯಬೇಕು.

ಗೇಟಿನ ಕೀಲಿ ಇದ್ದವರು ಅಂದೇ ನಮ್ಮ ಆಸ್ಪತ್ರೆಗೆ ಬಂದಿದ್ದರು!

"ಅಮ್ಮ, ಮಾಸ್ಕ್ ಹಾಕ್ಕೊಳ್ಳಿ. ಇಬ್ರೂ ನಡೀರಿ."

"ಯಾಕೆ ತಾಯಿ?"

"ನಿಮ್ಮ ಮಂಡಿ ತೋರ್ಸೋಕೆ!"

ಸಮುದ್ರದಾಚೆಯ ಸರ್ಕಾರದ ಅಧಿಕಾರಿಯನ್ನು ನಾವು ಖಜಾನೆ ಸಾಹೇಬರು ಎನ್ನುತ್ತಿದ್ದೆವು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು. ಬಾಯಿ ತೆರೆದರೆ ಶಾಸನ ಓದಿದ ಹಾಗಿರುತ್ತಿತ್ತು.

ತಾಯಿ-ಮಗನನ್ನು ಮುಂದಿಟ್ಟುಕೊಂಡು, ಸಾಹೇಬರು ಕೂತಿದ್ದ ಡಾಕ್ಟರ ಕೋಣೆಗೆ ನುಗ್ಗಿದೆ. ಡಾಕ್ಟರಮ್ಮ ಬೇಡ ಬೇಡ ಎಂದು ಕಣ್ಸನ್ನೆ ಮಾಡಿದರು. ನಾನು ನೋಡಲಿಲ್ಲ. ಅಂದರೆ, ನೋಡಿದೆ.

"ಸಾರ್, ಈ ಅಮ್ಮನಿಗೆ ಇವತ್ತೇ ಮಾತ್ರೆ ಬೇಕು. ಗೇಟು ತೆಗೆಸಿ."

ಸಾಹೇಬರು ನಿಟ್ಟುಸಿರು ಬಿಟ್ಟರು. ಕೆಟ್ಟವರಲ್ಲ. ದಣಿದಿದ್ದರು.

"ತಮ್ಮ ಸಂಕಟವನ್ನು ನಾನು ಬಲ್ಲೆನು. ಆದರೆ ನಮ್ಮ ಪ್ರಜೆಗಳು ಪ್ರಶ್ನಿಸುತ್ತಿದ್ದಾರೆ. ಸಾಗರದಾಚೆಯ ಕೆಮ್ಮಿಗೆ ನಮ್ಮ ತೆರಿಗೆ ಏತಕ್ಕೆ?"

ನಾನು ಅವರು ಕೂತ ಜಾಗ ನೋಡಿದೆ.

ಕ್ಷಯದ ಆಸ್ಪತ್ರೆಯಲ್ಲಿ ಕೂರುವುದಕ್ಕೂ ಒಂದು ಪದ್ಧತಿಯಿದೆ. ಬಾಗಿಲಿನಿಂದ ಬರುವ ಗಾಳಿ ಮೊದಲು ನಮ್ಮನ್ನು ದಾಟಬೇಕು, ಆಮೇಲೆ ರೋಗಿಯನ್ನು, ಕೊನೆಗೆ ಕಿಟಕಿಯಿಂದ ಆಚೆ ಹೋಗಬೇಕು. ಅದಕ್ಕೇ ಕಿಟಕಿ ಪಕ್ಕದಲ್ಲಿ ನಾವು ಯಾರೂ ಕೂರುವುದಿಲ್ಲ. ಸಾಹೇಬರು ಹೊರಗಿನ ನೋಟ ಚೆನ್ನಾಗಿದೆಯೆಂದು ಕುರ್ಚಿಯನ್ನು ಅಲ್ಲಿಗೇ ಎಳೆದುಕೊಂಡಿದ್ದರು!

"ಸಾರ್, ಆ ಜಾಗ ಹೆಂಗಿದೆ?"

"ಅತ್ಯಂತ ಹಿತಕರ. ಮಂದಮಾರುತ ಬೀಸುತ್ತಿದೆ."

"ಬೀಸ್ತಿರೋದು ಈ ರೂಮಿನ ಕೆಮ್ಮೆಲ್ಲ ದಾಟ್ಕೊಂಡು ಸಾರ್."

ಸಾಹೇಬರ ಮುಖದ ಬಣ್ಣ ಇಳಿಯಿತು. ಅದೇ ಗಳಿಗೆಗೆ ಜಾಕ್‌ಗೆ ಕೆಮ್ಮು ಬಂತು. ನಾನು ಹೇಳಿಕೊಟ್ಟಿರಲಿಲ್ಲ, ನಂಬಿ.

ಸಾಹೇಬರು ಕುರ್ಚಿ ಸಮೇತ ಎದ್ದರು. ಕುರ್ಚಿ ಸಮೇತವೇ ನನ್ನ ಪಕ್ಕಕ್ಕೆ ಬಂದರು.

"ಹೆದರ್ಬೇಡಿ. ಇಬ್ರೂ ಮಾಸ್ಕ್ ಹಾಕಿದಾರೆ. ಕಿಟಕಿಯೂ ತೆಗೆದಿದೆ. ನೀವೇನೋ ಕುರ್ಚಿ ಎಳ್ಕೊಂಡ್ರಿ ಸಾರ್... ನಿಮ್ಮ ದೇಶನ ಎಳ್ಕೊಳೋಕಾಗುತ್ತಾ? ಅದೂ ನಮ್ಮ ಗಾಳಿ ಹೋಗೋ ಕಡೆಗೇ ಕೂತಿದೆ."

ಸಾಹೇಬರು ಕಿಟಕಿಯ ಕಡೆ ನೋಡಿದರು.

ಜಾಕ್‌ನ ತಾಯಿ ಸಾಹೇಬರನ್ನು ಮರುಕದಿಂದ ನೋಡಿ, "ಪಾಪ, ದೂರದಿಂದ ಬಂದವ್ನೆ. ಹೆದರಿಸ್ಬೇಡ ತಾಯಿ. ಒಂದ್ಲೋಟ ನೀರು ಕೊಡು" ಎಂದರು.

ಸಾಹೇಬರು ನೀರು ಕುಡಿದರು. ಫೋನ್ ತೆಗೆದರು. ಹೊರಗೆ ಹೋಗಿ ಅವರ ಭಾಷೆಯಲ್ಲಿ ಬಹಳ ಹೊತ್ತು ಜಗಳ ಆಡಿದರು. ಜಗಳಕ್ಕೆ ಅನುವಾದ ಬೇಕಿಲ್ಲ ನೋಡಿ. ಗೆಲ್ಲುತ್ತಿದ್ದಾರೆ ಎಂದು ಧ್ವನಿಯಲ್ಲೇ ಗೊತ್ತಾಯಿತು.

"ಇಂದಿನಿಂದ ನೂತನ ರೋಗಿಗಳನ್ನು ಸ್ವೀಕರಿಸಿರಿ," ಎಂದರು ಒಳಗೆ ಬಂದು.

ಡಾಕ್ಟರಮ್ಮ ಕಣ್ಣು ಒರೆಸಿಕೊಂಡೇ ಆ ತಾಯಿಯ ಎದೆ ನೋಡಿದರು, ಹೊಸ ಪೊಟ್ಟಣ ಒಡೆದರು. ಜಾಕ್‌ನ ಕಫದ ಜೊತೆ ಅವರ ಕಫವೂ ಪರೀಕ್ಷೆಗೆ ಹೋಯಿತು. "ನಿಂಗೆ ಮತ್ತೆ ಮೊದಲಿಂದ. ಒಂದು ಮಾತ್ರೆ ತಪ್ಪಿದ್ರೂ ನೋಡು!" ಎಂದು ಮಗನನ್ನು ಗದರಿದರು.

"ಅವ್ನು ತಪ್ಪಿಸ್ಲಿ ನೋಡ್ತೀನಿ," ಎಂದರು ತಾಯಿ. ಅಷ್ಟರಲ್ಲಿ ಅವರಿಗೆ ಎಲ್ಲ ಅರ್ಥವಾಗಿತ್ತು. ಮಗನ ಕಿವಿ ಅವರ ಕೈಯಲ್ಲಿತ್ತು. "ಮಂಡಿನೋವಂತೆ, ಮಂಡಿ! ಬಾ ಮನೆಗೆ!"

ಮೊದಲ ಮಾತ್ರೆ ನಮ್ಮೆದುರೇ ನುಂಗಬೇಕೆಂಬ ನಿಯಮ. ನಾನು ತಾಯಿಗೆ ಮಾತ್ರೆ, ನೀರು ಕೊಟ್ಟೆ. ನುಂಗಿದರು.

"ಬಾಯಿ ತೆರೀರಿ. ನಾಲಿಗೆ ಎತ್ತಿ."

ಎತ್ತಿದರು. ಕೆಳಗೆ ಮಾತ್ರೆ ಅಡಗಿರಲಿಲ್ಲ.

ಸಾಹೇಬರು ಎದೆಯ ಮೇಲೆ ಕೈಯಿಟ್ಟರು. "ಮುಂದಿನ ವರ್ಷವೂ ಹಣ ನಿಲ್ಲದು. ಇದು ನನ್ನ ವಚನ."

ಒಳ್ಳೆಯ ಮನುಷ್ಯ. ನಂಬಬೇಕು ಅನಿಸಿತು. ಆದರೆ ಅಭ್ಯಾಸಬಲ ನೋಡಿ...

"ಬಾಯಿ ತೆರೀರಿ ಸಾರ್," ಎಂದೆ. "ನಾಲಿಗೆ ಎತ್ತಿ."