ಕೊಕ್ಕೆ ಹಾಕಿದವರು ಯಾರು?

ಪಿಕಪ್ ಗಾಡಿಯ ಹಿಂದಿನ ಗಾಜಿನಲ್ಲಿ ತಲೆ ತೂರುವಷ್ಟು ದೊಡ್ಡ ತೂತು. ಚಾಲಕನ ಸೀಟಿನ ಮೇಲಂಚು ಹರಿದು ಹತ್ತಿ ಹೊರಬಂದಿತ್ತು. ಸ್ಟೇರಿಂಗಿನ ಕೆಳಗೆ, ಗಾಜಿನ ಚೂರುಗಳ ನಡುವೆ, ಕೆಂಪು ಬಣ್ಣದ ಕಬ್ಬಿಣದ ಕೊಕ್ಕೆ ಬಿದ್ದಿತ್ತು. ಜೀಪನ್ನು ಎಳೆಯಲು ಕಟ್ಟಿದ್ದ ಹಗ್ಗ ಅದಕ್ಕಿನ್ನೂ ಸಿಕ್ಕಿಕೊಂಡೇ ಇತ್ತು.

ಇನ್ಸ್‌ಪೆಕ್ಟರ್ ಕೈಗವಸು ಹಾಕಿಕೊಂಡು ಅದನ್ನು ಎತ್ತಿದರು. ಗಾತ್ರ ಅಂಗೈಯಷ್ಟು. ತೂಕ ಸುತ್ತಿಗೆಯಷ್ಟು.

"ಇದು ಭುಜಕ್ಕಲ್ಲದೆ ತಲೆಗೆ ನೇರವಾಗಿ ಬಿದ್ದಿದ್ರೆ?" ಎಂದರು.

"ಆಸ್ಪತ್ರೆಗೆ ಹೋಗೋ ಕೆಲಸಾನೇ ಇರ್ತಿರಲಿಲ್ಲ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಮೀಸೆ ಎಂದೇ.

ನಡೆದದ್ದು ಇಷ್ಟು. ಆರೋಗ್ಯ ಕೇಂದ್ರದ ನರ್ಸಮ್ಮ ಗುಡ್ಡದ ಮೇಲಿನಿಂದ ಮಂಡಿನೋವಿನ ಅಜ್ಜಿಯೊಬ್ಬರನ್ನು ಜೀಪಿನಲ್ಲಿ ಕರೆತರುತ್ತಿದ್ದರು. ಹಳ್ಳದ ಕೆಸರಿನಲ್ಲಿ ಜೀಪು ಹೂತಿತು. ಗಂಡನಿಗೆ ಫೋನ್ ಮಾಡಿದರು. ಗಂಡ ಪಿಕಪ್ ತಂದರು. ಜೊತೆಗೆ ನರ್ಸಮ್ಮನ ತಮ್ಮನೂ ಬಂದ. ಪಿಕಪ್ಪಿನ ಹಿಂಬದಿಗೂ ಜೀಪಿನ ಮುಂದಿನ ಬಲಗಡೆಯ ಕೊಕ್ಕೆಗೂ ಹಗ್ಗ ಬಿಗಿದರು. ಎಳೆದರು. ಹಗ್ಗ ರಬ್ಬರಿನಂತೆ ಹಿಗ್ಗಿತು. ಕೊಕ್ಕೆ ಜೀಪಿನಿಂದ ಕಿತ್ತು, ಕವಣೆಯ ಕಲ್ಲಿನಂತೆ ಹಾರಿ, ಗಾಜು ಒಡೆದು ಗಂಡನ ಭುಜದ ಮೂಳೆ ಪುಡಿಮಾಡಿತು. ತಲೆ ಸ್ಟೇರಿಂಗಿಗೆ ಬಡಿಯಿತು. ಅಂದಿನಿಂದ ಅವರು ಕಣ್ಣು ತೆರೆದಿರಲಿಲ್ಲ.

ಆ ಕೊಕ್ಕೆ ಕೂರಿಸಿದ್ದು ಪೇಟೆಯ ಮೆಕ್ಯಾನಿಕ್. ಜನ ಅವನ ಗ್ಯಾರೇಜಿಗೆ ಕಲ್ಲು ಹೊಡೆದರು. ಮೇಲಿನವರು ಬಂಧಿಸಿ ಎಂದರು. ಮರುದಿನ ಅವನನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಿತ್ತು.

* * *

ಲಾಕಪ್ಪಿನೊಳಗೆ ಮೆಕ್ಯಾನಿಕ್ ಕೂಗಾಡುತ್ತಿದ್ದ.

"ಮೊದಲು ಹೇಳಿ ಮೇಡಂ, ಕೊಕ್ಕೆ ಮುರಿದಿದ್ಯಾ?"

"ಇಲ್ಲ. ಅದನ್ನ ಹಿಡಿದಿದ್ದ ಬೋಲ್ಟುಗಳು ಮುರಿದಿವೆ."

"ಹಾಗಾದ್ರೆ ಅವು ನನ್ನವಲ್ಲ. ನನ್ನ ಬೋಲ್ಟ್ ಮುರಿಯೋ ಹೊತ್ತಿಗೆ ಜೀಪೇ ಎರಡು ತುಂಡಾಗಿರುತ್ತೆ!"

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದ ಮೀಸೆ.

"ನಿಮ್ಮ ಮೀಸೆ ಮೇಲೆ ಆಣೆ ಸಾರ್!"

"ನನ್ನ ಮೀಸೆ ಯಾಕೋ ಮಧ್ಯೆ?"

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. "ಕೂಗ್ಬೇಡಿ. ಹೇಗೆ ಹಾಕಿದ್ರಿ, ಅದನ್ನ ಹೇಳಿ."

ಅವನ ದನಿ ತಗ್ಗಿತು. ಕೆಲಸದ ಮಾತು ಬಂದರೆ ಅವನಿಗೆ ಸಿಟ್ಟು ಇಳಿಯುತ್ತಿತ್ತು.

"ಜೀಪಿನ ತೂಕ ಒಂದೇ ನೋಡಿದ್ರೆ ಆಗಲ್ಲ ಮೇಡಂ. ಕೆಸರೂ ಹಿಡಿದು ಎಳೆಯುತ್ತೆ. ತುಂಬಿದ ಗಾಡಿಯ ತೂಕದ ಎರಡರಷ್ಟಾದ್ರೂ ತಡೆಯೋ ಕೊಕ್ಕೆ ಬೇಕು. ಎಷ್ಟು ತಡೆಯುತ್ತೆ ಅಂತ ಅದರ ಮೈಮೇಲೇ ಅಚ್ಚಿರಬೇಕು. ಬಂಪರಿಗೆ ಹಾಕ್ಬಾರ್ದು, ಅದು ಬರೀ ಮುಖದ ಅಲಂಕಾರ. ಚಾಸಿಗೇ ಹಾಕ್ಬೇಕು. ಬೆಸುಗೆ ಹಾಕ್ಬಾರ್ದು, ಕಾದ್ರೆ ಉಕ್ಕಿನ ಹದ ಕೆಡುತ್ತೆ. ಗಟ್ಟಿ ಬೋಲ್ಟಿನ ತಲೆ ಮೇಲೆ ಅಂಕಿ ಇರುತ್ತೆ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಚಾಸಿಗೆ ಒಂದು ಹಳದಿ ಗೆರೆ ಎಳೀತೀನಿ. ನಟ್ಟು ಎಳ್ಳಷ್ಟು ತಿರುಗಿದ್ರೂ ಗೆರೆ ಕೂಡಲ್ಲ."

"ಎಡ ಬಲ ಎರಡೂ ಕೊಕ್ಕೆಗೆ ಗೆರೆ ಎಳೆದಿದ್ರಾ?"

"ಒಂದು ಕಣ್ಣಿಗೆ ಕಾಡಿಗೆ ಹಚ್ಚಿ ಇನ್ನೊಂದು ಬಿಡ್ತಾರಾ ಮೇಡಂ?"

* * *

ಜೀಪು ಠಾಣೆಯ ಅಂಗಳದಲ್ಲಿ ನಿಂತಿತ್ತು. ಇನ್ಸ್‌ಪೆಕ್ಟರ್ ನೆಲದ ಮೇಲೆ ಗೋಣಿಚೀಲ ಹಾಸಿ ಜೀಪಿನ ಕೆಳಗೆ ತೂರಿದರು.

ಎಡಗಡೆಯ ಕೊಕ್ಕೆ ಅಲುಗದೆ ಕುಳಿತಿತ್ತು. ಬೋಲ್ಟಿನ ತಲೆಗಳ ಮೇಲೆ ಉಬ್ಬಿದ ಅಂಕಿಗಳು. ನಟ್ಟುಗಳ ಮೇಲೆ ಹಳದಿ ಗೆರೆ.

ಬಲಗಡೆ ಒದ್ದೆ ಬಟ್ಟೆಯಿಂದ ಕೆಸರು ಒರೆಸಿದರು. ಚಾಸಿಯ ಮೇಲೆ ಅರ್ಧ ಗೆರೆ ಕಾಣಿಸಿತು. ಇನ್ನರ್ಧ ನಟ್ಟಿನ ಮೇಲಿರಬೇಕಿತ್ತು. ಅಲ್ಲಿ ಉಳಿದಿದ್ದ ನಟ್ಟಿನ ಮೇಲೆ ಹಳದಿಯ ಸುಳಿವೇ ಇರಲಿಲ್ಲ. ಹಾರಿದ ಕೊಕ್ಕೆಯ ತೂತಿನಲ್ಲಿ ಒಂದು ಬೋಲ್ಟಿನ ತಲೆ ಸಿಕ್ಕಿಕೊಂಡಿತ್ತು. ಅಂಕಿಯಿಲ್ಲದ ಬೋಳು ತಲೆ.

"ಮೆಕ್ಯಾನಿಕ್ ಹಾಕಿದ್ದನ್ನ ಆಮೇಲೆ ಯಾರೋ ಬಿಚ್ಚಿ ಬದಲಾಯಿಸಿದ್ದಾರೆ," ಎಂದರು ಇನ್ಸ್‌ಪೆಕ್ಟರ್.

"ಅವನೇ ಆಮೇಲೆ ಕದ್ದು ಬದಲಾಯಿಸಿದ ಅಂತ ವಕೀಲರು ಅನ್ನಲ್ವಾ?"

"ಅಂತಾರೆ. ಬದಲಾಯಿಸಿದವರು ಸಿಗೋವರೆಗೂ ಅಂತಾರೆ. ಜೀಪು ಎಲ್ಲಿ ನಿಲ್ತಿತ್ತು?"

"ನರ್ಸಮ್ಮನ ಮನೆ ಅಂಗಳದಲ್ಲಿ. ಮನೇಲಿರೋದು ಗಂಡ, ಹೆಂಡತಿ, ಅವಳ ತಮ್ಮ."

* * *

ಅಜ್ಜಿ ಮೊಮ್ಮಗಳ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಅಂದು ಹಳ್ಳದ ದಂಡೆಯ ಬಂಡೆಯ ಮೇಲೆ ಕುಳಿತು ಎಲ್ಲಕ್ಕೂ ಸಾಕ್ಷಿಯಾದ ಹೊರಗಿನವರು ಅವರೊಬ್ಬರೇ.

"ಅಜ್ಜಿ, ಎಳೆಯೋಕೆ ಮುಂಚೆ ಕೊಕ್ಕೆ ಹಾಕಿದ್ದು ಯಾರು?"

"ಆ ಹುಡುಗ. ನರ್ಸಮ್ಮನ ತಮ್ಮ."

"ಸರಿಯಾಗಿ ಗೊತ್ತಾ?"

"ನನ್ನ ಮಂಡಿ ಹೋಗಿದೆ ಮಗಳೇ, ಕಿವಿ ಹೋಗಿಲ್ಲ."

ಅಲ್ಲಿಂದ ಇನ್ಸ್‌ಪೆಕ್ಟರ್ ನೇರವಾಗಿ ಆಸ್ಪತ್ರೆಗೆ ಹೋದರು. ನರ್ಸಮ್ಮ ಗಂಡನ ಮಂಚದ ಪಕ್ಕ ಕುಳಿತಿದ್ದರು. ತಮ್ಮ ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ. ಗಡ್ಡ ಬೆಳೆದಿತ್ತು.

"ಕೊಕ್ಕೆಗೆ ಹಗ್ಗ ಹಾಕಿದ್ದು ನಾನೇ ಮೇಡಂ," ಎಂದರು ನರ್ಸಮ್ಮ. "ಇವನು ಹಗ್ಗ ಮುಟ್ಟಲೂ ಇಲ್ಲ."

ತಮ್ಮ ನೆಲ ನೋಡಿದ.

ಹೊರಗೆ ಬಂದ ಮೇಲೆ ಮೀಸೆ ಪಿಸುಗುಟ್ಟಿದ. "ತಮ್ಮ ಹಾಕಿದ ಅಂತ ಅಜ್ಜಿ, ನಾನು ಹಾಕಿದೆ ಅಂತ ಹೆಂಡತಿ. ಆವತ್ತು ಬೆಳಿಗ್ಗೆ ಗಂಡ ಹೆಂಡತಿ ಜಗಳ ಬೀದಿಗೆಲ್ಲ ಕೇಳಿಸ್ತಂತೆ. ಆಯಮ್ಮನ ಮೇಲೆ ಒಂದು ಕಣ್ಣಿಡೋಣ ಮೇಡಂ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಜಗಳ ಯಾತಕ್ಕಂತೆ?"

"ಹಳ್ಳದ ದಾರಿ ಹಿಡೀಬೇಡ, ಹೂತ್ಕೋತೀಯ ಅಂತ ಗಂಡ ಅಂದಿದ್ದನಂತೆ."

"ಕೊಲ್ಲೋಕೆ ಅದೊಂದು ಕಾರಣನಾ?" ಇನ್ಸ್‌ಪೆಕ್ಟರ್ ಬಾಗಿಲ ಗಾಜಿನೊಳಗಿಂದ ಮತ್ತೊಮ್ಮೆ ನೋಡಿದರು. ನರ್ಸಮ್ಮ ತಮ್ಮನನ್ನು ಗದರುತ್ತಿದ್ದರು: ಏನಾದರೂ ತಿನ್ನು, ಹೀಗೆ ನಿಂತರೆ ಭಾವ ಎದ್ದು ಕೂರುತ್ತಾರಾ ಎಂದು. ಇನ್ಸ್‌ಪೆಕ್ಟರ ಒಡಹುಟ್ಟಿದ ತಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೈಯಲು ಒಬ್ಬ ತಮ್ಮನಿರುವುದೂ ದೇವರು ಕೊಟ್ಟ ಭಾಗ್ಯವೇ. ಅದು ಕೈತಪ್ಪಿದ ಮೇಲೆ ತಿಳಿಯುತ್ತದೆ.

ಅವರು ಅಲ್ಲೇ ಕಣ್ಣು ಮುಚ್ಚಿದರು. ಒಳಗೆ ಮಲಗಿದವನನ್ನು ಉಳಿಸು ತಂದೆ, ನಿರಪರಾಧಿಯನ್ನು ನನ್ನ ಕೈಯಿಂದ ಜೈಲಿಗೆ ಕಳಿಸಬೇಡ, ಎಂದು ಬೇಡಿದರು. ಬೇಡುವುದು ನಮ್ಮ ಪಾಲು. ಕೊಡುವುದು ಅವನ ಪಾಲು.

* * *

ಠಾಣೆಗೆ ಮರಳಿ ಮೆಕ್ಯಾನಿಕ್‌ನ ಕಾಗದಗಳಿಗೆ ಸಹಿ ಹಾಕಲು ಕುಳಿತರು. ಮೀಸೆ ತಲೆ ಕೆರೆದುಕೊಂಡು ಎದುರು ನಿಂತ.

"ಮೇಡಂ, ಮಗಳನ್ನ ನೋಡ್ಕೊಂಡು ಬರೋಕೆ ರಜೆ..."

"ಈ ಕೇಸ್ ಮುಗೀಲಿ."

"ನೋಡಿ, ರಜೆ ಅಂದ ತಕ್ಷಣ ಕೊಕ್ಕೆ ಹಾಕ್ತೀರಿ!"

ಇನ್ಸ್‌ಪೆಕ್ಟರ ಪೆನ್ನು ನಿಂತಿತು.

"ಏನಂದ್ರಿ?"

"ತಪ್ಪಾಯ್ತು ಮೇಡಂ."

"ತಪ್ಪಲ್ಲರೀ! ನಾನು ಕೇಳಿದ್ದು ಕಬ್ಬಿಣದ ಕೊಕ್ಕೆ. ಅಜ್ಜಿ ಹೇಳಿದ್ದು ಮಾತಿನ ಕೊಕ್ಕೆ. ಕಣ್ಣು ಅನ್ನಲಿಲ್ಲ ಅಜ್ಜಿ, ಕಿವಿ ಅಂದ್ರು! ಗಾಡಿ ತೆಗೀರಿ."

ಅಜ್ಜಿಗೆ ಪೊಲೀಸರು ಮತ್ತೆ ಬಂದದ್ದು ಖುಷಿಯೇ ಆಯಿತು. ಹೇಳಲು ಅವರ ಬಳಿ ಇನ್ನೂ ಬೇಕಾದಷ್ಟಿತ್ತು.

"ಆ ಹುಡುಗ ಏನಂತ ಕೊಕ್ಕೆ ಹಾಕಿದ ಅಜ್ಜಿ?"

"ಇನ್ನೇನಂತ? ಬಲಗಡೆದಕ್ಕೆ ಬೇಡ ಅಕ್ಕಾ, ಎಡಗಡೆದಕ್ಕೆ ಕಟ್ಟು ಅಂದ. ಅಕ್ಕ ಬಿಡ್ತಾಳಾ? ಗಾಡಿ ಬಲಕ್ಕೆ ನಿಂತಿದೆ, ನೇರ ಎಳೀಬೇಕು, ಅಡ್ಡ ಎಳೆದ್ರೆ ಜೀಪು ಮಗುಚುತ್ತೆ, ಸುಮ್ಮನಿರೋ ಅಂದ್ಳು. ಅವನು ಸುಮ್ಮನಾದ."

* * *

ನರ್ಸಮ್ಮನ ಮನೆಯ ಮುಂದೆ ಹೊಸ ಗೇಟು. ಇನ್ಸ್‌ಪೆಕ್ಟರ್ ಅದರ ಕೀಲುಗಳ ಮೇಲೆ ಬೆರಳಾಡಿಸಿದರು. ಎಲ್ಲ ಬೋಲ್ಟುಗಳದ್ದೂ ಬೋಳು ತಲೆ. ಕೆಳಗಿನ ಕೀಲಿನಲ್ಲಿ ಮಾತ್ರ ಬೋಲ್ಟುಗಳಿರಲಿಲ್ಲ. ತೂತುಗಳಿಗೆ ತಂತಿ ಸುತ್ತಿತ್ತು.

ಅಕ್ಕ, ತಮ್ಮ ಇಬ್ಬರನ್ನೂ ಆಸ್ಪತ್ರೆಯಿಂದ ಕರೆಸಿದ್ದರು.

"ಗೇಟು ಯಾರು ಮಾಡಿದ್ದು?"

"ನಾನೇ," ಎಂದ ತಮ್ಮ.

"ಚೆನ್ನಾಗಿದೆ. ಇಲ್ಲಿಗೆ ಯಾಕೆ ತಂತಿ?"

ತಮ್ಮ ಬಗ್ಗಿ ತಂತಿಯ ತುದಿಯನ್ನು ಒಳಕ್ಕೆ ಮಡಚಿದ.

"ನಾನೇ ಹೇಳ್ತೀನಿ ಕೇಳು. ಎಡಗಡೆಯ ಕೊಕ್ಕೆ, ಬಲಗಡೆಯ ಕೊಕ್ಕೆ, ನೋಡೋಕೆ ಅವಳಿ ಜವಳಿ. ಹಗ್ಗ ಕಟ್ಟಿದ ನಿನ್ನ ಅಕ್ಕನಿಗೆ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿದ್ರೆ ನಿನ್ನನ್ನ ಗದರಿ ಅದಕ್ಕೇ ಕಟ್ತಿರಲಿಲ್ಲ. ನಿನ್ನ ಭಾವನಿಗೂ ಗೊತ್ತಿರಲಿಲ್ಲ. ಗೊತ್ತಿದ್ರೆ ಅದಕ್ಕೆ ಬೆನ್ನು ಕೊಟ್ಟು ಕೂರ್ತಿರಲಿಲ್ಲ. ಬಲಗಡೆದು ಬೇಡ ಅಂದವನು ನೀನೊಬ್ಬನೇ. ಅದು ಸೋಲುತ್ತೆ ಅಂತ, ಅದನ್ನ ಹಾಕಿದವನಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತೆ?"

ತಮ್ಮ ಒಳಗೆ ಹೋದ. ಮೀಸೆ ಬೆನ್ನು ಹತ್ತಿದ. ಬರುವಾಗ ತಮ್ಮನ ಅಂಗೈಯಲ್ಲಿ ಬಾಗಿದ ಎರಡು ಬೋಲ್ಟುಗಳಿದ್ದವು. ತಲೆಯ ಮೇಲೆ ಅಂಕಿ. ನಟ್ಟಿನ ಮೇಲೆ ಅರ್ಧ ಹಳದಿ ಗೆರೆ.

"ಗೆಳೆಯರ ಮುಂದೆ ಜಂಬಕ್ಕೆ ಮರದ ಬೊಡ್ಡೆಗೂ ಬಲಗಡೆ ಕೊಕ್ಕೆಗೂ ಸರಪಳಿ ಕಟ್ಟಿ ಜೀಪಲ್ಲಿ ಜಗ್ಗಿದೆ ಮೇಡಂ. ಬೊಡ್ಡೆ ಬರಲಿಲ್ಲ, ಬೋಲ್ಟು ಬಾಗಿದ್ವು. ಜೀಪು ಮುಟ್ಟಬೇಡ ಅಂದಿದ್ರು ಭಾವ. ಬೈತಾರೆ ಅಂತ ಹೆದರಿ ಗೇಟಿಂದು ಬಿಚ್ಚಿ ಹಾಕಿದೆ. ಕೆಂಪು ಬಣ್ಣ ಬಳಿದೆ. ಆವತ್ತು ಹಳ್ಳದಲ್ಲಿ ನಿಜ ನಾಲಿಗೆ ತುದಿಗೆ ಬಂದಿತ್ತು. ಹೇಗೋ ತಡೆಯುತ್ತೆ ಅನ್ಕೊಂಡೆ."

"ತಪ್ಪು ಮಾಡದವನು ಲಾಕಪ್ಪಲ್ಲಿದ್ದಾನೆ. ಆವಾಗಲೂ ಬಾಯಿ ಬರಲಿಲ್ವಾ?"

"ಭಾವ ಏಳಲಿ, ಅವರಿಗೇ ಮೊದಲು ಹೇಳ್ತೀನಿ ಅಂತಿದ್ದೆ." ಅವನು ಗೇಟಿನ ಬುಡದಲ್ಲೇ ಕುಸಿದು ಅತ್ತ.

ನರ್ಸಮ್ಮ ಹೊಡೆಯಲಿಲ್ಲ. ಬೈಯಲಿಲ್ಲ. "ಎದ್ದೇಳು. ನಡಿ ಮೇಡಂ ಜೊತೆ. ನಾನೂ ಬರ್ತೀನಿ," ಎಂದರು.

ಅಂದೇ ಮೆಕ್ಯಾನಿಕ್ ಹೊರಬಂದ. ಹೊರಬಂದವನು ಮೊದಲು ಕೇಳಿದ್ದು ಆ ಬಾಗಿದ ಬೋಲ್ಟುಗಳನ್ನು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ನೋಡಿ ಸಾರ್ ಮೀಸೆಯವರೇ. ಬಾಗಿವೆ, ಮುರಿದಿಲ್ಲ!"

* * *

ಭಾವ ಕಣ್ಣು ತೆರೆದರು. ಎಲ್ಲವನ್ನೂ ಕೇಳಿದರು.

ಮೊಕದ್ದಮೆ ತನ್ನ ದಾರಿ ಹಿಡಿಯಿತು. ತಮ್ಮ ತಪ್ಪೊಪ್ಪಿಕೊಂಡು ಜಾಮೀನಿನ ಮೇಲೆ ಬಂದ. ಬಂದವನು ಗ್ಯಾರೇಜಿನ ಒಡೆದ ಗಾಜುಗಳನ್ನು ತಾನೇ ನಿಂತು ಹಾಕಿಸಿದ.

ಜೀಪಿಗೆ ಹೊಸ ಬೋಲ್ಟು ಹಾಕುವ ದಿನ ಇನ್ಸ್‌ಪೆಕ್ಟರೂ ಆ ದಾರಿಯಲ್ಲಿ ಬಂದರು. ಮೀಸೆ ಇರಲಿಲ್ಲ. ರಜೆ ಸಿಕ್ಕಿತ್ತು. ಭಾವ ಕುತ್ತಿಗೆಗೆ ಕೈ ಜೋತುಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದರು. ನಟ್ಟು ತಿರುಗಿಸುವ ಪಾನ ಹಿಡಿದು ಜೀಪಿನ ಕೆಳಗೆ ಮಲಗಿದ್ದವನು ತಮ್ಮ. ಮೆಕ್ಯಾನಿಕ್ ಮೇಲೆ ನಿಂತು ಬೈಯುತ್ತಿದ್ದ.

"ಕೈಗೆ ಮೆಹಂದಿ ಹಾಕಿದ್ದೀಯೇನೋ? ಬಿಗಿ ಮಾಡು! ಹಾಂ, ಈಗ ಗೆರೆ ಎಳಿ."

ತಮ್ಮ ಎಚ್ಚರದಿಂದ ಹಳದಿ ಗೆರೆ ಎಳೆದ. ಹೊರಗೆ ಬಂದು ಭಾವನ ಮುಂದೆ ತಲೆ ತಗ್ಗಿಸಿ ನಿಂತ.

"ಭಾವ, ಆವತ್ತು ನಾನು..."

ಭಾವ ಚೆನ್ನಾಗಿದ್ದ ಕೈಯಿಂದ ಅವನ ಕಿವಿ ಹಿಡಿದರು. ತಿರುಚಲಿಲ್ಲ. ಹಿಡಿದುಕೊಂಡರು ಅಷ್ಟೇ.

"ಇನ್ನೊಂದ್ಸಲ ಕೊಕ್ಕೆ ಹಾಕೋದಾದ್ರೆ ಅರ್ಧಕ್ಕೆ ಬಿಡ್ಬೇಡ್ವೋ," ಎಂದರು. "ಪೂರ್ತಿ ಹಾಕು."